ಮಗಳ ಮಂಚದ ಪಕ್ಕ ಶನಿಗ್ರಹ: ಗಾಜಿನ ಗೋಳದ ರಾತ್ರಿದೀಪ ಇಡಬಹುದಾ?

ಪ್ರಶ್ನೆ: ನಮ್ಮ ಏಳು ವರ್ಷದ ಮಗಳ ಹುಟ್ಟುಹಬ್ಬಕ್ಕೆ ಅವಳ ಸೋದರಮಾವ ಗಾಜಿನ ಗೋಳದ ದೀಪ ತಂದುಕೊಟ್ಟಿದ್ದಾನೆ. ಗೋಳದೊಳಗೆ ಸೂರ್ಯ, ಗ್ರಹಗಳು, ಶನಿಯ ಬಳೆ ಎಲ್ಲ ಇವೆ. ಕೆಳಗೆ ಮರದ ಪೀಠ, ಅದರೊಳಗೆ ಬಣ್ಣ ಬದಲಿಸುವ ಎಲ್‌ಇಡಿ, ಜೊತೆಗೊಂದು ಪುಟ್ಟ ರಿಮೋಟ್. ಡಬ್ಬದ ಮೇಲೆ 'ಕ್ರಿಸ್ಟಲ್' ಅಂತ ಬರೆದಿದೆ. ಮಗಳಿಗೆ ಕತ್ತಲೆ ಅಂದ್ರೆ ಭಯ. ರಾತ್ರಿಯಿಡೀ ಉರಿಯಬೇಕು ಅಂತ ಹಟ ಹಿಡಿದಿದ್ದಾಳೆ. ಅತ್ತೆಯವರು ಇದು ಸ್ಫಟಿಕ, ದೇವರ ಮನೆಯಲ್ಲಿಡಿ ಅಂತಾರೆ. ಪಕ್ಕದ ಮನೆಯವರು ದೀಪ ಹಾಕಿ ಮಲಗಿಸಿದ್ರೆ ಮಕ್ಕಳ ಕಣ್ಣು ಹಾಳಾಗುತ್ತೆ, ಕ್ರಿಸ್ಟಲ್‌ನಲ್ಲಿ ಸೀಸವೂ ಇರುತ್ತೆ ಅಂತ ಹೆದರಿಸಿದ್ದಾರೆ. ಸದ್ಯಕ್ಕೆ ಅವಳ ಓದುವ ಮೇಜಿನ ಮೇಲೆ, ಕಿಟಕಿ ಪಕ್ಕ ಇಟ್ಟಿದ್ದೇವೆ. ಏನು ಮಾಡೋಣ?
ಓದುಗರೊಬ್ಬರು, ಮೈಸೂರು

ಉತ್ತರ: ನೀವು ಕೇಳಿದ್ದು ಕಣ್ಣಿನ ಬಗ್ಗೆ, ಸೀಸದ ಬಗ್ಗೆ, ಸ್ಫಟಿಕದ ಬಗ್ಗೆ. ಮೂರಕ್ಕೂ ಉತ್ತರ ಇದೆ, ಹೆದರುವಂಥದ್ದು ಹೆಚ್ಚೇನಿಲ್ಲ. ನಾನು ಬೆಚ್ಚಿದ್ದು ನೀವು ಕೊನೆಗೆ ಸುಮ್ನೆ ಬರೆದುಬಿಟ್ಟ ಎರಡು ಮಾತಿಗೆ: ಕಿಟಕಿ ಪಕ್ಕ. ಮೊದಲು ಎದ್ದು ಹೋಗಿ ಆ ಗೋಳವನ್ನು ಅಲ್ಲಿಂದ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿದರಾಯ್ತು.

ತುಂಬು ಗಾಜಿನ ಗೋಳ ಅಂದ್ರೆ ಬಲವಾದ ಭೂತಗನ್ನಡಿ. ಶಾಲೆಯಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟದ್ದು ನಿಮಗೂ ನೆನಪಿರಬೇಕು, ಅಲ್ವಾ? ಅದನ್ನು ಬಿಸಿಲಿಗೆ ಸರಿಯಾಗಿ ತಿರುಗಿಸಿ ಹಿಡಿಯಬೇಕಿತ್ತು, ಕೈ ನಡುಗಬಾರದಿತ್ತು. ಗೋಳಕ್ಕೆ ಆ ಕಷ್ಟ ಇಲ್ಲ. ಬಿಸಿಲು ಯಾವ ಕಡೆಯಿಂದ ಬಂದರೂ ಅದರ ಎದುರು ಬದಿಗೆ ಚುಕ್ಕೆಯಾಗಿ ಕೂಡಿಸುತ್ತದೆ. 80 ಮಿಲಿಮೀಟರ್ ಗೋಳವಾದರೆ ಆ ಚುಕ್ಕೆ ಗಾಜಿನಿಂದ ಎರಡು ಸೆಂಟಿಮೀಟರ್ ಒಳಗೇ ಬೀಳುತ್ತದೆ. 60 ಮಿಲಿಮೀಟರ್ ಆದರೆ ಸುಮಾರು ಒಂದೂವರೆ ಸೆಂಟಿಮೀಟರ್. ಅಲ್ಲಿಂದಾಚೆ ಬೆಳಕು ಮತ್ತೆ ಹರಡಿಕೊಳ್ಳುತ್ತದೆ. ಹಾಗಾಗಿ ಒಂದು ಅಡಿ ದೂರದ ಗೋಡೆಗೆ ಏನೂ ಆಗುವುದಿಲ್ಲ. ಅಪಾಯ ಇರುವುದು ಗೋಳಕ್ಕೆ ತಾಗಿಕೊಂಡ ಪರದೆಗೆ, ಪಕ್ಕದಲ್ಲಿ ಒರಗಿಸಿಟ್ಟ ನೋಟ್‌ಬುಕ್ಕಿಗೆ, ಬಟ್ಟೆಯ ಬೊಂಬೆಗೆ. ಓದುವ ಮೇಜಿನ ಮೇಲೆ ಇವೆಲ್ಲ ಇದ್ದೇ ಇರುತ್ತವೆ.

ಇದು ಉತ್ಪ್ರೇಕ್ಷೆ ಅನಿಸಿದರೆ ಒಂದು ವಿಷಯ ಹೇಳುತ್ತೇನೆ. ದಿನಕ್ಕೆ ಎಷ್ಟು ಗಂಟೆ ಬಿಸಿಲಿತ್ತು ಅಂತ ಅಳೆಯಲು ಹವಾಮಾನ ಕೇಂದ್ರಗಳಲ್ಲಿ ಒಂದು ಹಳೇ ಉಪಕರಣ ಇರುತ್ತದೆ. ಕೃಷಿ ವಿಶ್ವವಿದ್ಯಾಲಯದ ಹವಾಮಾನ ಅಂಗಳಕ್ಕೆ ಹೋದರೆ ಕಂಬದ ಮೇಲೆ ಕೂತಿರುವುದು ಕಾಣಬಹುದು. ಸುಮಾರು ಹತ್ತು ಸೆಂಟಿಮೀಟರಿನ ಗಾಜಿನ ಗೋಳ, ಅದರ ಬೆನ್ನಿಗೆ ಬಟ್ಟಲಿನಂಥ ಲೋಹದ ಚೌಕಟ್ಟು, ಚೌಕಟ್ಟಿನೊಳಗೆ ಸಿಕ್ಕಿಸಿದ ರಟ್ಟಿನ ಪಟ್ಟಿ. ಅಷ್ಟೇ. ಕರೆಂಟಿಲ್ಲ, ಗಡಿಯಾರವಿಲ್ಲ. ಸೂರ್ಯ ಸರಿದಂತೆ ಚುಕ್ಕೆಯೂ ಸರಿಯುತ್ತದೆ, ಪಟ್ಟಿಯ ಮೇಲೆ ಸುಟ್ಟ ಗೆರೆ ಮೂಡುತ್ತದೆ. ಮೋಡ ಬಂದ ಕಡೆ ಗೆರೆ ತುಂಡಾಗುತ್ತದೆ. ಸಂಜೆ ಪಟ್ಟಿ ತೆಗೆದು ಗೆರೆಯ ಉದ್ದ ಅಳೆದರೆ ಬಿಸಿಲಿನ ಲೆಕ್ಕ ಸಿಕ್ಕಿತು. 1853ರಲ್ಲಿ ಕ್ಯಾಂಪ್‌ಬೆಲ್ ಎಂಬವರು ಮರದ ಬಟ್ಟಲಿನಲ್ಲಿ ಗೋಳವಿಟ್ಟು ಶುರು ಮಾಡಿದ್ದನ್ನು 1879ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಸುಧಾರಿಸಿದರು. ಅದನ್ನೇ ಈಗ ನಿಮ್ಮ ಮಗಳ ಮೇಜಿನ ಮೇಲೆ ಇಟ್ಟಿದ್ದೀರಿ. ರಟ್ಟಿನ ಬದಲು ಅವಳ ಹೋಂವರ್ಕ್ ಪುಸ್ತಕ.

ನನಗೂ ಇದು ಓದಿ ಬಂದ ಬುದ್ಧಿಯಲ್ಲ. ಎಷ್ಟೋ ವರ್ಷ ಗಾಜು, ಮಸೂರಗಳ ನಡುವೆ ಕೆಲಸ ಮಾಡಿದ ಮೇಲೂ ಒಂದು ಭಾನುವಾರ ಬೆಳಿಗ್ಗೆ ಇಂಥದ್ದೇ ಗೋಳವನ್ನು ಪೀಠದಿಂದ ಎತ್ತಿ, ಮೇಜಿನ ಮೇಲಿದ್ದ ದಿನಪತ್ರಿಕೆ ಮೇಲೆ ಇಟ್ಟು ತಿಂಡಿಗೆ ಹೋದೆ. ಹತ್ತು ಗಂಟೆಯ ಬಿಸಿಲು. ಎರಡನೇ ದೋಸೆಗೆ ಕೈ ಹಾಕುವಾಗ ಸುಟ್ಟ ವಾಸನೆ. ಹೆಂಡತಿ ಕಾವಲಿ ನೋಡಿದಳು, ನಾನು ಅವಳನ್ನು ನೋಡಿದೆ. ಒಳಗೆ ಬಂದು ನೋಡಿದರೆ ಪತ್ರಿಕೆಯಲ್ಲಿ ಹೊಲಿಗೆ ದಾರದಷ್ಟು ತೆಳ್ಳಗಿನ, ಕೆಲವೇ ಮಿಲಿಮೀಟರ್ ಉದ್ದದ ಸೀಳು. ಅಂಚು ಕಂದು, ನಡುವೆ ತೂತು, ತುದಿಯಲ್ಲಿ ಇನ್ನೂ ಸಣ್ಣ ಹೊಗೆ. ಅದರ ಗುರುತು ಕೆಳಗಿನ ಮರದ ಮೇಲೂ ಬಿತ್ತು, ಈಗಲೂ ಇದೆ. ಸೂರ್ಯ ಸರಿದ ದಾರಿಯ ಗೆರೆ ಅದು. ಪರದೆ ಆಗಿದ್ದರೆ ಈ ಕಥೆ ಇಷ್ಟು ಆರಾಮಾಗಿ ಹೇಳುತ್ತಿರಲಿಲ್ಲ.

ಆದ್ದರಿಂದ ಹಗಲಲ್ಲಿ ಗೋಳ ಡಬ್ಬದೊಳಗೆ ಇರಲಿ, ಇಲ್ಲವೇ ನೇರ ಬಿಸಿಲು ಬಾರದ ಮೂಲೆಯಲ್ಲಿ. 'ಈ ಕಿಟಕಿಗೆ ಬಿಸಿಲು ಬರೋದಿಲ್ಲ' ಅನ್ನುವ ನಂಬಿಕೆಯೂ ಬೇಡ. ಆಷಾಢದಲ್ಲಿ ಬಾರದ ಬಿಸಿಲು ಸಂಕ್ರಾಂತಿ ಹೊತ್ತಿಗೆ ದಕ್ಷಿಣದ ಕಿಟಕಿಯಿಂದ ಒಳಗೆ ಬಂದು ಕೂತಿರುತ್ತದೆ.

ಈಗ ಸ್ಫಟಿಕದ ವಿಷಯ. ಅತ್ತೆಯವರ ಮನಸ್ಸು ನೋಯಿಸದೆ ಹೇಳಬೇಕು ಅಂದರೆ, ಇದು ಗಾಜು. ಒಳ್ಳೆಯ ಗಾಜು, ಆದರೆ ಗಾಜು. ಅಂಗಡಿಯವರು 'ಕ್ರಿಸ್ಟಲ್' ಅನ್ನುವುದು ಥಳಥಳ ಹೊಳೆಯುವ ಗಾಜಿಗೆಲ್ಲ. ಸ್ಫಟಿಕ ಅಂದರೆ ಭೂಮಿಯೊಳಗೆ ಬೆಳೆದ ಕಲ್ಲು. ಶೃಂಗೇರಿಯಲ್ಲಿ ಪೂಜೆಗೊಳ್ಳುವ ಚಂದ್ರಮೌಳೀಶ್ವರ ಲಿಂಗ ಸ್ಫಟಿಕದ್ದು. ಅದರೊಳಗೆ ಕಣಗಳು ಸಾಲು ಹಿಡಿದು ಕೂತಿರುತ್ತವೆ. ಗಾಜಿನೊಳಗೆ ಅಂಥ ಸಾಲಿಲ್ಲ, ಸಂತೆಯ ಜನರ ಹಾಗೆ ಎಲ್ಲೆಂದರಲ್ಲಿ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಿಳಿ ಹಾಳೆಯ ಮೇಲೆ ಒಂದು ತಲೆಗೂದಲಿಟ್ಟು, ಅದರ ಮೇಲೆ ಗೋಳವಿಟ್ಟು ನಿಧಾನ ತಿರುಗಿಸಿ ನೋಡಿ. ಸ್ಫಟಿಕವಾದರೆ ಕೆಲವು ಕೋನಗಳಲ್ಲಿ ಕೂದಲು ಎರಡಾಗಿ ಕಾಣುತ್ತದೆ. ಗಾಜಿನಲ್ಲಿ ಎಷ್ಟು ತಿರುಗಿಸಿದರೂ ಒಂದೇ. ನಿಮ್ಮದರಲ್ಲಿ ನಡುವೆ ಗ್ರಹಗಳು ಅಡ್ಡ ಬರುತ್ತವೆ, ಸ್ವಲ್ಪ ಬದಿಗೆ ನೋಡಬೇಕು. ದೇವರ ಮನೆಯಲ್ಲಿ ಇಟ್ಟರೆ ತಪ್ಪೇನಿಲ್ಲ, ಆದರೆ ನಂದಾದೀಪದ ಬಿಸಿ ತಾಗುವಷ್ಟು ಹತ್ತಿರ ಬೇಡ.

ಇಂಥ ಗೋಳಗಳಿಗೆ ಹೆಚ್ಚಾಗಿ ಬಳಸುವುದು ಕೆ9 ಅನ್ನುವ ಗಾಜು. ಮಸೂರ ಮಾಡುವ ಗಾಜಿನ ಜಾತಿಯದು. ಅದರಲ್ಲಿ ಸೀಸ ಇಲ್ಲ. ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 1670ರ ದಶಕದಲ್ಲಿ ಇಂಗ್ಲೆಂಡಿನ ರೇವನ್ಸ್‌ಕ್ರಾಫ್ಟ್ ಗಾಜಿಗೆ ಸೀಸ ಬೆರೆಸಿ ಹೊಳಪು ತಂದ ಮೇಲೆ 'ಕ್ರಿಸ್ಟಲ್' ಅಂದರೆ ಸೀಸದ ಗಾಜು ಅಂತಲೇ ಆಗಿತ್ತು. ಆದರೆ ಅದರಲ್ಲೂ ತೊಂದರೆ ಇರುವುದು ಲೋಟ, ಹೂಜಿಗಳಲ್ಲಿ. ಹುಳಿ ಪಾನೀಯವನ್ನೋ ಮದ್ಯವನ್ನೋ ದಿನಗಟ್ಟಲೆ ತುಂಬಿಟ್ಟರೆ ಸೀಸ ಅದಕ್ಕೆ ಇಳಿಯುತ್ತದೆ. ಗೋಳದಲ್ಲಿ ಯಾರೂ ಕುಡಿಯುವುದಿಲ್ಲವಲ್ಲ.

ಸೀಸಕ್ಕಿಂತ ನಿಜವಾಗಿ ಕೇಳಬೇಕಾದ ಪ್ರಶ್ನೆ, ಇದು ಗಾಜಾ ಪ್ಲಾಸ್ಟಿಕ್ಕಾ ಅಂತ. ಗಾಜು ಅಂತ ಹೇಳಿ ಅಕ್ರಿಲಿಕ್ ಕೊಟ್ಟರೂ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಅಡುಗೆಮನೆಯ ತಕ್ಕಡಿ ಸಾಕು. 80 ಮಿಲಿಮೀಟರಿನ ಗಾಜಿನ ಗೋಳ ಸುಮಾರು 670 ಗ್ರಾಂ ತೂಗಬೇಕು, 60 ಮಿಲಿಮೀಟರಿನದು ಸುಮಾರು 285. ಇದರ ಅರ್ಧಕ್ಕಿಂತ ಕಡಿಮೆ ತೂಗಿದರೆ ಅದು ಅಕ್ರಿಲಿಕ್. ಪೀಠ ಬಿಟ್ಟು ಗೋಳವನ್ನಷ್ಟೇ ತೂಗಿ.

ಆ ತೂಕವನ್ನೇ ಇನ್ನೊಂದು ರೀತಿ ಯೋಚಿಸಿ. ಮುಕ್ಕಾಲು ಕೆಜಿಗೆ ಹತ್ತಿರದ ಜಾರುವ ಉಂಡೆ, ಪೀಠದ ಗುಂಡಿಯಲ್ಲಿ ಸುಮ್ನೆ ಕೂತಿದೆ. ಅಂಟಿಲ್ಲ, ಹಿಡಿಯಿಲ್ಲ. ತಲೆಯ ಮೇಲಿನ ಶೆಲ್ಫಿನಲ್ಲಿ ಇದು ಬೇಡವೇ ಬೇಡ. ಮಂಚದ ಎತ್ತರಕ್ಕಿಂತ ಕೆಳಗೆ, ಕಾಲು ತಾಗದ ಮೂಲೆಯಲ್ಲಿ, ಅಗಲವಾದ ಸ್ಟೀಲ್ ತಟ್ಟೆಯೊಳಗೆ ಪೀಠ ಸಮೇತ ಇಡಿ. ಉರುಳಿದರೂ ತಟ್ಟೆಯಲ್ಲೇ ಉಳಿಯುತ್ತದೆ. ತೊಳೆಯುವಾಗ ಬಿಸಿನೀರು ಸುರಿಯಬೇಡಿ. 'ಬೋರೋಸಿಲಿಕೇಟ್, ಒಲೆಯ ಮೇಲಿಡುವ ಗಾಜಿನ ಹಾಗೆ' ಅಂತ ಮಾರುವವರು ಹೇಳುವುದುಂಟು. ಹೆಸರು ಒಂದೇ ಕುಟುಂಬದ್ದು, ಗುಣ ಬೇರೆ. ಕೆ9 ತಟಕ್ಕನೆ ಬಿಸಿ ಮಾಡಿದರೆ ಸೀಳುತ್ತದೆ. ಹಳೇ ಪಂಚೆಯ ಒದ್ದೆ ತುಂಡಿನಿಂದ ಒರೆಸಿದರೆ ಬೆರಳ ಗುರುತೆಲ್ಲ ಹೋಗುತ್ತದೆ.

ಒಳಗೆ ಗ್ರಹಗಳು ಹೇಗೆ ಬಂದವು ಅಂತ ನಿಮ್ಮ ಮಗಳು ಕೇಳಿಯೇ ಕೇಳುತ್ತಾಳೆ. ಈ ದೀಪದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಗಾಜಿನೊಳಗೆ ಯಾರೂ ಏನನ್ನೂ ತುಂಬಿಲ್ಲ. ಹಸಿರು ಲೇಸರ್ ಬೆಳಕನ್ನು ಕ್ಷಣಕ್ಷಣಕ್ಕೆ ಮಿಣುಕಿಸುತ್ತಾ ಗಾಜಿನ ಒಳಗೆ ಒಂದು ಬಿಂದುವಿನಲ್ಲಿ ಕೂಡಿಸುತ್ತಾರೆ. ದಾರಿಯುದ್ದಕ್ಕೂ ಬೆಳಕು ಗಾಜಿಗೆ ಏನೂ ಮಾಡದೆ ಹಾದುಹೋಗುತ್ತದೆ. ಕೂಡುವ ಆ ಒಂದು ಬಿಂದುವಿನಲ್ಲಿ ಮಾತ್ರ ಗಾಜು ತಡೆಯಲಾರದೆ ಸಿಡಿಯುತ್ತದೆ, ಕೂದಲೆಳೆಯ ದಪ್ಪಕ್ಕೆ ಸಮನಾದ ಬಿರುಕು ಬಿಡುತ್ತದೆ. ಅಂಥ ಸಾವಿರಾರು ಬಿರುಕುಗಳನ್ನು ಕಂಪ್ಯೂಟರ್ ಹೇಳಿದ ಜಾಗದಲ್ಲಿ ಒಂದೊಂದಾಗಿ ಹಾಕಿದರೆ ಶನಿ ಆಯಿತು, ಅದರ ಬಳೆ ಆಯಿತು. ಕೈಯಲ್ಲೊಂದು ಭೂತಗನ್ನಡಿ ಕೊಟ್ಟು ಅವಳಿಗೆ ತೋರಿಸಿ. ಗ್ರಹ ಮಾಯವಾಗಿ, ಮಂಜಿನ ಹನಿಯಂಥ ಬಿಳಿ ಚುಕ್ಕೆಗಳು ಕಾಣುತ್ತವೆ. ಕೆಳಗಿನಿಂದ ಬಂದ ಬೆಳಕು ತಿಳಿ ಗಾಜಿನಲ್ಲಿ ಕಾಣದೆ ಹೋಗಿ, ಬಿರುಕಿಗೆ ತಾಗಿದಾಗ ಚದುರಿ ಹೊಳೆಯುತ್ತದೆ. ದೂಳು ಇಲ್ಲದ ಕೋಣೆಯಲ್ಲಿ ಬಿಸಿಲುಕೋಲು ಕಾಣದ ಹಾಗೆಯೇ ಇದು.

ಇನ್ನೊಂದು ಚಮತ್ಕಾರ. ಗೋಳದ ನಡುಮಧ್ಯೆ ಇರುವ ವಸ್ತು ಹೊರಗಿನಿಂದ ನೋಡಿದಾಗ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಂಚಿನ ಕಡೆಯ ಗ್ರಹಗಳು ಮೊಟ್ಟೆಯ ಹಾಗೆ ಎಳೆದುಕೊಳ್ಳುತ್ತವೆ. ಅದು ಕೆತ್ತಿದವರ ತಪ್ಪಲ್ಲ, ದುಂಡನೆಯ ಗಾಜು ಮಾಡುವ ಆಟ. ಮತ್ತೆ, ಲೇಸರ್ ಬಣ್ಣ ಹಾಕುವುದಿಲ್ಲ. ಜಾಹೀರಾತಿನಲ್ಲಿ ನೀಲಿ ಭೂಮಿ, ಕೆಂಪು ಮಂಗಳ ಬೇರೆ ಬೇರೆ ಬಣ್ಣದಲ್ಲಿ ಕಂಡಿದ್ದರೆ ಅದು ಫೋಟೋ ತಿದ್ದಿದವರ ಕೈಚಳಕ. ಪೀಠ ಕೆಂಪಾದರೆ ಎಲ್ಲ ಗ್ರಹವೂ ಕೆಂಪು.

ಅಳತೆಯನ್ನಂತೂ ನಂಬಲೇಬೇಡಿ. ಸೂರ್ಯನನ್ನು ಒಂದು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಭೂಮಿ ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಅದೂ ಒಂದು ಮೀಟರ್ ಚಿಲ್ಲರೆ ದೂರದಲ್ಲಿ ಇರಬೇಕು. ನೆಪ್ಚೂನ್ 32 ಮೀಟರ್ ಆಚೆ, ಅಂದ್ರೆ ನಿಮ್ಮ ಬೀದಿಯ ಮೂರ್ನಾಲ್ಕು ಮನೆ ದಾಟಿ. ಶನಿಯ ಬಳೆ ಇನ್ನೂ ಮೋಜು. ಅದು ಅಡ್ಡಕ್ಕೆ ಸುಮಾರು 2,70,000 ಕಿಲೋಮೀಟರ್ ಅಗಲ, ದಪ್ಪ ಮಾತ್ರ ಹೆಚ್ಚಿನ ಕಡೆ ಹತ್ತಾರು ಮೀಟರ್. ಶನಿಯನ್ನು ಒಂದು ಸೆಂಟಿಮೀಟರಿಗೆ ಇಳಿಸಿದರೆ ಬಳೆಯ ದಪ್ಪ ಕೆಲವೇ ಪರಮಾಣುಗಳಷ್ಟು. ಅಷ್ಟು ತೆಳ್ಳಗೆ ಕೆತ್ತುವ ಲೇಸರ್ ಇಲ್ಲ, ಕೆತ್ತಿದರೂ ಕಾಣುವ ಕಣ್ಣಿಲ್ಲ.

ಅತ್ತೆಯವರು ನವಗ್ರಹ ಎಣಿಸಲು ಕೂತರೆ ಲೆಕ್ಕ ತಪ್ಪುತ್ತದೆ, ಅದಕ್ಕೂ ಸಿದ್ಧರಾಗಿರಿ. ನವಗ್ರಹದಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಇದ್ದಾರೆ, ಭೂಮಿ ಇಲ್ಲ. ಗೋಳದಲ್ಲಿ ಭೂಮಿ ಇದೆ, 1781ರಲ್ಲಿ ಸಿಕ್ಕ ಯುರೇನಸ್ ಇದೆ, 1846ರಲ್ಲಿ ಸಿಕ್ಕ ನೆಪ್ಚೂನ್ ಇದೆ. ರಾಹು ಕೇತುಗಳು ಗೋಳದೊಳಗೆ ಕೆತ್ತಲು ಬರುವ ವಸ್ತುಗಳಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗಗಳು. ಒಂಬತ್ತನೆಯದಾಗಿ ಪ್ಲೂಟೋ ಇದ್ದರೆ, ಕೆತ್ತಿದವರು 2006ಕ್ಕೆ ಮೊದಲಿನ ಪಠ್ಯಪುಸ್ತಕ ಓದಿದವರು ಅಂತ ತಿಳಿಯಿರಿ.

ಕಣ್ಣಿನ ವಿಷಯಕ್ಕೆ ಬರೋಣ. ಪಕ್ಕದ ಮನೆಯವರ ಹೆದರಿಕೆಗೆ ಒಂದು ಮೂಲ ಇದೆ. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು 479 ಮಕ್ಕಳ ಲೆಕ್ಕ ಪ್ರಕಟಿಸಿದರು. ಎರಡು ವರ್ಷದೊಳಗೆ ಕತ್ತಲೆಯಲ್ಲಿ ಮಲಗಿದ ಮಕ್ಕಳಲ್ಲಿ ನೂರಕ್ಕೆ 10 ಮಂದಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವುದು), ರಾತ್ರಿದೀಪದಲ್ಲಿ ಮಲಗಿದವರಲ್ಲಿ 34, ಕೋಣೆಯ ದೊಡ್ಡ ದೀಪದಲ್ಲಿ ಮಲಗಿದವರಲ್ಲಿ 55. ಸುದ್ದಿ ಜಗತ್ತೆಲ್ಲ ಹಬ್ಬಿತು. ಮರುವರ್ಷವೇ ಬೇರೆ ಎರಡು ತಂಡಗಳು ನೋಡಿದಾಗ ಆ ಸಂಬಂಧ ಕಾಣಲಿಲ್ಲ. ಬದಲಿಗೆ ಸಿಕ್ಕಿದ್ದು ಇದು: ಕನ್ನಡಕ ಹಾಕುವ ಅಪ್ಪ ಅಮ್ಮ ರಾತ್ರಿ ಮಗುವಿನ ಕೋಣೆಯಲ್ಲಿ ದೀಪ ಇಡುವುದು ಜಾಸ್ತಿ. ಸಮೀಪದೃಷ್ಟಿ ಅಪ್ಪ ಅಮ್ಮನಿಂದ ಮಗುವಿಗೆ ಬರುವುದೂ ಉಂಟು. ದೀಪ ನಡುವೆ ಸುಮ್ನೆ ಸಿಕ್ಕಿಹಾಕಿಕೊಂಡಿತ್ತು. ಮೊದಲ ಸುದ್ದಿ ಹಬ್ಬಿದಷ್ಟು ಎರಡನೆಯದು ಹಬ್ಬಲಿಲ್ಲ, ಅದು ಈಗ ನಿಮ್ಮ ಪಕ್ಕದ ಮನೆಗೂ ಬಂದು ಮುಟ್ಟಿದೆ.

ಕಣ್ಣಿಗೆ ಹೆದರಬೇಡಿ, ಆದರೆ ನಿದ್ದೆಯನ್ನು ಕಡೆಗಣಿಸಬೇಡಿ. ನಮ್ಮ ಕಣ್ಣಿನ ಹಿಂಬದಿಯಲ್ಲಿ ನೋಡುವುದಕ್ಕಲ್ಲ, ಹಗಲೋ ರಾತ್ರಿಯೋ ಅಂತ ಮೆದುಳಿಗೆ ತಿಳಿಸುವುದಕ್ಕೇ ಕೆಲವು ಜೀವಕೋಶಗಳಿವೆ. ಸುಮಾರು 480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಕಂಡರೆ ಅವು 'ಹಗಲು' ಅನ್ನುತ್ತವೆ, ನಿದ್ದೆ ತರುವ ಮೆಲಟೋನಿನ್ ಇಳಿಯುತ್ತದೆ. ಇಂಥ ದೀಪಗಳಲ್ಲಿ ಜನ ಹಾಕುವುದೋ, ಹೆಚ್ಚಾಗಿ ನೀಲಿಯೇ. ಅಂತರಿಕ್ಷ ಅಂದರೆ ನೀಲಿ ಅಂತ ಯಾರು ಹೇಳಿಕೊಟ್ಟರೋ! ತಣ್ಣಗಿನ ಬಿಳಿ ಎಲ್‌ಇಡಿ ಕೂಡ ಒಳಗಿಂದ ನೀಲಿಯೇ, ಮೇಲೆ ಹಳದಿ ಪುಡಿ ಸವರಿ ಬಿಳಿ ಮಾಡಿರುತ್ತಾರೆ. ಹಾಗಾಗಿ ಮಲಗುವ ಹೊತ್ತಿಗೆ ಕೆಂಪು ಇಲ್ಲವೇ ಕಿತ್ತಳೆ ಬಣ್ಣಕ್ಕೆ ಇಟ್ಟು, ಬೆಳಕನ್ನು ಎಷ್ಟು ಇಳಿಸಲು ಬರುತ್ತದೋ ಅಷ್ಟೂ ಇಳಿಸಿ.

ಎಷ್ಟು ಸಾಕು? ಮಲಗಿರುವಾಗ ಕಣ್ಣಿಗೆ ತಾಗುವ ಬೆಳಕು, ನೀಲಿಗೆ ಜಾಸ್ತಿ ತೂಕ ಕೊಟ್ಟು ಅಳೆದರೆ, 1 ಲಕ್ಸ್ ದಾಟಬಾರದು ಅಂತ 2022ರಲ್ಲಿ ಹಲವು ದೇಶಗಳ ಸಂಶೋಧಕರು ಒಟ್ಟಾಗಿ ಹೇಳಿದರು. ಅದು ದೊಡ್ಡವರಿಗೆ ಹೇಳಿದ ಲೆಕ್ಕ. ಹೋಲಿಕೆಗೆ, ನೆತ್ತಿಯ ಮೇಲಿನ ಹುಣ್ಣಿಮೆ ಚಂದ್ರ ಕೊಡುವುದು 0.3 ಲಕ್ಸ್ ಒಳಗೆ. ಮೀಟರ್ ತರಬೇಕಾಗಿಲ್ಲ. ಮಗಳ ದಿಂಬಿನ ಮೇಲೆ ನೀವೇ ತಲೆಯಿಟ್ಟು ಮಲಗಿ, ಹತ್ತು ನಿಮಿಷ ಬಿಟ್ಟು ದಿನಪತ್ರಿಕೆ ಹಿಡಿಯಿರಿ. ಸುದ್ದಿಯ ಸಣ್ಣ ಅಕ್ಷರ ಸಲೀಸಾಗಿ ಓದಲು ಬಂದರೆ ಬೆಳಕು ಜಾಸ್ತಿ. ಬಾಗಿಲು ಎಲ್ಲಿ, ಚಪ್ಪಲಿ ಎಲ್ಲಿ ಅಂತ ತಿಳಿದರೆ ಸಾಕು. ಗೋಳ ನೇರ ಕಣ್ಣಿಗೆ ಕಾಣದ ಹಾಗೆ ಮಂಚದ ಕಾಲಿನ ಬದಿಗಿಡಿ. ಅವಳು ನಿದ್ದೆ ಹೋದ ಮೇಲೆ ಆರಿಸಿದರೆ ಇನ್ನೂ ಒಳ್ಳೆಯದು, ಆದರೆ ಮಧ್ಯರಾತ್ರಿ ಎದ್ದು ಅಳುವ ಮಗುವಾದರೆ ಈ ಶಿಸ್ತು ಬೇಡ. ಭಯದಿಂದ ಕೆಡುವ ನಿದ್ದೆಯೂ ನಿದ್ದೆಯೇ.

ರಿಮೋಟನ್ನು ಮಾತ್ರ ಇವತ್ತೇ ಮೇಲಿನ ಕಪಾಟಿಗೆ ಹಾಕಿ. ಒಳಗೆ ನಾಣ್ಯದಂಥ ಚಪ್ಪಟೆ ಸೆಲ್ ಇರುತ್ತದೆ, ಎರಡು ಸೆಂಟಿಮೀಟರ್ ಅಗಲದ್ದು. ಮುಚ್ಚಳ ಉಗುರಿಗೇ ತೆರೆದುಕೊಳ್ಳುತ್ತದೆ. ನಿಮ್ಮ ಮಗಳು ನುಂಗಲಿಕ್ಕಿಲ್ಲ, ಆದರೆ ಮನೆಗೆ ಬರುವ ಸಣ್ಣ ಮಕ್ಕಳು? ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಒಳಗೆಲ್ಲ ಸುಡಲು ಶುರುವಾಗುತ್ತದೆ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು. ಪೀಠದಲ್ಲೇ ಬಟನ್ ಇದ್ದರೆ ರಿಮೋಟಿನ ಸೆಲ್ ತೆಗೆದುಬಿಡಿ.

ಕರೆಂಟಿನ ಚಿಂತೆ ಬೇಡ. ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ ಇಂಥ ದೀಪ ಒಂದೆರಡು ವ್ಯಾಟ್ ತಿನ್ನುತ್ತದೆ. ದಿನಕ್ಕೆ ಹತ್ತು ಗಂಟೆ ಉರಿದರೂ ತಿಂಗಳಿಗೆ ಅರ್ಧ ಯೂನಿಟ್ ಆಸುಪಾಸು. ನಮ್ಮ ಹಳೇ ಝೀರೋ ಬಲ್ಬ್ ಹೆಸರಿಗೆ ಝೀರೋ, ತಿನ್ನುತ್ತಿದ್ದುದು 15 ವ್ಯಾಟ್, ಅಂದ್ರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಚಾರ್ಜರ್ ಮಾತ್ರ ಬಿಐಎಸ್ ಗುರುತು ಇರುವುದೇ ಇರಲಿ, ಡಬ್ಬದ ಜೊತೆ ಬಂದ ಹೆಸರಿಲ್ಲದ್ದು ಬೇಡ. ಕರೆಂಟ್ ಹೋದಾಗ ಪವರ್ ಬ್ಯಾಂಕಿಗೆ ಹಾಕಿದರೆ ದೀಪ ಸ್ವಲ್ಪ ಹೊತ್ತಿಗೇ ತಾನಾಗಿ ಆರುವುದುಂಟು. ದೀಪ ಕೆಟ್ಟಿದೆ ಅಂದುಕೊಳ್ಳಬೇಡಿ. ಇಷ್ಟು ಕಡಿಮೆ ಕರೆಂಟ್ ಎಳೆಯುವುದನ್ನು ನೋಡಿ ಪವರ್ ಬ್ಯಾಂಕ್ 'ಯಾರೂ ಇಲ್ಲ' ಅಂತ ಬಾಗಿಲು ಹಾಕಿಕೊಳ್ಳುತ್ತದೆ.

ಒಂದು ದಿನ ಅವಳನ್ನೂ ಗೋಳವನ್ನೂ ಟೆರೇಸಿಗೆ ಕರೆದುಕೊಂಡು ಹೋಗಿ. ಪೀಠವನ್ನು ಮಂದ ಕೆಂಪಿಗೆ ಇಡಿ. ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಕೆಂಪು ಬೆಳಕು ಅಷ್ಟಾಗಿ ಕೆಡಿಸುವುದಿಲ್ಲ, ಆಕಾಶ ನೋಡುವವರು ಕೆಂಪು ಟಾರ್ಚ್ ಹಿಡಿಯುವುದು ಅದಕ್ಕೇ. ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಕೈಯಲ್ಲೊಂದು ಪುಟ್ಟ ದೂರದರ್ಶಕ ಸಿಕ್ಕರೆ, ಶನಿ ಕಾಣುವ ತಿಂಗಳಾದರೆ, ಗೋಳದೊಳಗಿನ ಬಳೆಯನ್ನೂ ಮೇಲಿನ ಬಳೆಯನ್ನೂ ಅವಳೇ ಹೋಲಿಸಿ ನೋಡಲಿ. ಮೇಲಿನದು ವರ್ಷ ವರ್ಷ ವಾಲುವುದು ಬದಲಾಗುತ್ತದೆ. 2025ರ ಮಾರ್ಚ್‌ನಲ್ಲಿ ಅದು ಭೂಮಿಗೆ ಅಂಚು ತಿರುಗಿಸಿ ಕಾಣದಂತಾಗಿತ್ತು, 1612ರಲ್ಲಿ ಗೆಲಿಲಿಯೋಗೂ ಹೀಗೆಯೇ ಮಾಯವಾಗಿ ಅವನು ತಬ್ಬಿಬ್ಬಾಗಿದ್ದ. ಈಗ ವರ್ಷದಿಂದ ವರ್ಷಕ್ಕೆ ಮತ್ತೆ ಅರಳುತ್ತಿದೆ. ಇಳಿದು ಬರುವಾಗ ಮಗಳಂತೂ ನಿದ್ದೆಗಣ್ಣಲ್ಲಿ ಹೆಗಲ ಮೇಲೆ ಇರುತ್ತಾಳೆ. ಗೋಳ ಮೇಲೆಯೇ ಮರೆತು ಬರಬೇಡಿ, ಬೆಳಿಗ್ಗೆ ಅಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತೀರಿ.